ಶಾಲೆಗಳಿಗೆ ಬರುವ ಮಾದಕವಸ್ತು ತಡೆ ಕಾರ್ಯಾಗಾರ: ಕಲಬುರಗಿಯ ಶಿಕ್ಷಕರೊಬ್ಬರ ಅನಿಸಿಕೆ

ಕಲಬುರಗಿಯ ಆಳಂದ ರಸ್ತೆ ಕಡೆಯ ನಮ್ಮ ಪ್ರೌಢಶಾಲೆಯಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ನಡೆಸಿಕೊಟ್ಟ ಕಾರ್ಯಾಗಾರವನ್ನು ಉಳಿದ ಶಾಲೆಗಳೂ ಕರೆಸಿಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ. ಆದರೆ ಪಾಲಕರ ಸಭೆಯ ವೇಳೆಯನ್ನು ಮೊದಲೇ ಮಾತಾಡಿಕೊಳ್ಳಿ.

ಮಾದಕವಸ್ತು ವಿರೋಧಿ ದಿನವಾದ ಜೂನ್ 26ರಂದು ಜಾಥಾ ಹೊರಡಿಸಿ, ಪ್ರತಿಜ್ಞೆ ಬೋಧಿಸಿ, ಹೆದರಿಸುವ ಚಿತ್ರ ತೋರಿಸಿ ಕೈತೊಳೆದುಕೊಳ್ಳುವ ಪದ್ಧತಿ ಇಲ್ಲಿರಲಿಲ್ಲ. ಆಪ್ತಸಮಾಲೋಚಕಿ ಬೆಂಚುಗಳನ್ನು ಬದಿಗೆ ಸರಿಸಿ, ಮಕ್ಕಳನ್ನು ಇಬ್ಬಿಬ್ಬರಾಗಿ ನಿಲ್ಲಿಸಿ, ಒಬ್ಬ ಒತ್ತಾಯಿಸುವುದು, ಇನ್ನೊಬ್ಬ ನಿರಾಕರಿಸುವುದು ಎಂದು ಅಭಿನಯ ಮಾಡಿಸಿದರು. "ಒಂದ್ ಸಲ ತಗೊಂಡ್ರ ಏನೂ ಆಗಂಗಿಲ್ಲ, ತಗೋಲೇ" ಎಂದು ಗೆಳೆಯ ಹೇಳಿದಾಗ ಒಂಬತ್ತನೆಯ ತರಗತಿಯ ಹುಡುಗ ಮೊದಲು ಸುಮ್ಮನೆ ತಲೆ ತಗ್ಗಿಸಿದ. ಎರಡನೆಯ ಸಲ, "ಬ್ಯಾಡಪಾ, ನನಗ ಕಬಡ್ಡಿ ಪ್ರಾಕ್ಟೀಸ್ ಅದ, ನಾ ಹೊಂಟೆ" ಎಂದು ಗೆಳೆಯನ ಕೈ ಸರಿಸಿ ನಡೆದೇಬಿಟ್ಟ. ಗೆಳೆತನ ಕೆಡಿಸಿಕೊಳ್ಳದೆ ಬೇಡವೆನ್ನುವ ಈ ಅಭ್ಯಾಸ ಹದಿನಾಲ್ಕು ವರ್ಷದ ಮಕ್ಕಳಿಗೆ ಯಾವ ಭಾಷಣಕ್ಕಿಂತಲೂ ಹೆಚ್ಚು ಅಗತ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ನಶೆಗೆ ಬಳಕೆಯಾಗುವ ವೈಟ್ನರ್, ಪಂಕ್ಚರ್ ಹಾಕುವ ಸೊಲ್ಯೂಷನ್, ಕೆಮ್ಮಿನ ಸಿರಪ್ ಮುಂತಾದವುಗಳ ವಿವರವನ್ನು ಮಕ್ಕಳ ಮುಂದೆ ಬಿಚ್ಚಿಡದೆ ಪಾಲಕರಿಗಷ್ಟೇ ತಿಳಿಸಿದ್ದು ವಿವೇಕದ ನಡೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮೂಸಿ ನಶೆ ಏರಿಸಿಕೊಳ್ಳುವವರ ಪ್ರಮಾಣ ವಯಸ್ಕರಲ್ಲಿ ಶೇ. 0.58 ಇದ್ದರೆ ಮಕ್ಕಳಲ್ಲಿ ಶೇ. 1.17 ಇದೆ. ಕರವಸ್ತ್ರಕ್ಕೆ ಅಂಟಿದ ರಾಸಾಯನಿಕದ ವಾಸನೆ, ಬಾಯಿಯ ಸುತ್ತ ಎದ್ದ ಗುಳ್ಳೆ, ಕೆಂಪೇರಿದ ಕಣ್ಣು ಇವುಗಳನ್ನು ಗಮನಿಸಬೇಕೆಂದೂ, ಕಂಡಕೂಡಲೇ ಹೊಡೆಯದೆ ವೈದ್ಯರ ಬಳಿ ಕರೆದೊಯ್ಯಬೇಕೆಂದೂ ಆಪ್ತಸಮಾಲೋಚಕಿ ಕನ್ನಡ, ಉರ್ದು ಎರಡರಲ್ಲೂ ವಿವರಿಸಿದ್ದರಿಂದ ತಾಯಂದಿರು ಸಂಕೋಚವಿಲ್ಲದೆ ಪ್ರಶ್ನೆ ಕೇಳಿದರು.

ಕೊರತೆಯಿರುವುದೂ ಇಲ್ಲಿಯೇ. ಕೆಲಸದ ದಿನ ಬೆಳಗಿನ ಹನ್ನೊಂದಕ್ಕೆ ಸಭೆ ಕರೆದರೆ ಬೇಳೆ ಗಿರಣಿಯಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವ ತಂದೆಯರು ಕೂಲಿ ಬಿಟ್ಟು ಬರುವುದಾದರೂ ಹೇಗೆ? ಯಾರು ಕೇಳಲೇಬೇಕಿತ್ತೋ ಅವರೇ ಬರಲಿಲ್ಲವೆಂಬ ನೋವು ನನಗಿದೆ. ಮುಂದೆ ಮತ್ತೊಮ್ಮೆ ಬಂದು ಮಕ್ಕಳನ್ನು ಕಾಣುವ ಏರ್ಪಾಡೂ ಇಲ್ಲ.

ಕಾನೂನಿನ ಭಾಗ ಚಿಕ್ಕದಾದರೂ ಉಪಯುಕ್ತವಾಗಿತ್ತು: ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ, ಮಕ್ಕಳಿಗೆ ಮಾದಕವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆಯುಂಟು. ಉಚಿತ ಸಹಾಯವಾಣಿಗಳಾದ ವ್ಯಸನಮುಕ್ತಿಯ 14446 ಮತ್ತು ಮಾನಸಿಕ ಆರೋಗ್ಯಕ್ಕಾಗಿರುವ ಟೆಲಿ ಮಾನಸ್‌ನ 14416 ಸಂಖ್ಯೆಗಳನ್ನು ಪ್ರತಿ ಮಗುವಿನ ನೋಟ್‌ಬುಕ್ಕಿನಲ್ಲಿ ಬರೆಸಿದರು.

ಸಂಸ್ಥೆ ಶುಲ್ಕ ಕೇಳುವುದಿಲ್ಲ, ಪ್ರೊಜೆಕ್ಟರೂ ಬೇಕಿಲ್ಲ. ಕರೆಸುವವರು ಮಕ್ಕಳ ತರಗತಿಗೆ ಅರ್ಧ ದಿನ ಬಿಟ್ಟುಕೊಟ್ಟು, ಪಾಲಕರ ಸಭೆಯನ್ನು ಭಾನುವಾರ ಬೆಳಿಗ್ಗೆ ಇಡುವಂತೆ ಪತ್ರದಲ್ಲಿಯೇ ಬರೆಯುವುದು ಒಳ್ಳೆಯದು.