ಟೆನ್ನೆಸ್ಸೀ ರೀಕನೆಕ್ಟ್: ಅರ್ಧಕ್ಕೆ ಬಿಟ್ಟ ಡಿಗ್ರಿಗೆ ಎಷ್ಟು ಪ್ರಯೋಜನ?

ಅಮೆರಿಕದ ಟೆನ್ನೆಸ್ಸೀ ರಾಜ್ಯದಲ್ಲಿ ದೊಡ್ಡವರ ಕಾಲೇಜು ಫೀಸು ಕಟ್ಟುವ ಸರ್ಕಾರಿ ಯೋಜನೆ ಟೆನ್ನೆಸ್ಸೀ ರೀಕನೆಕ್ಟ್. ಅದು ಯಾರಿಗೆ ಸಿಗುವುದಿಲ್ಲ ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನ್ಯಾಶ್‌ವಿಲ್ ಗಣೇಶ ದೇವಸ್ಥಾನದಲ್ಲಿ ಸಿಕ್ಕಿ ವಿಚಾರಿಸುವ ನಮ್ಮವರಲ್ಲಿ ಹೆಚ್ಚಿನವರು ಈ ಲೆಕ್ಕಕ್ಕೇ ಬರುವುದಿಲ್ಲ. ಊರಲ್ಲಿ ಬಿ.ಇ., ಬಿ.ಎಸ್ಸಿ. ಮುಗಿಸಿ ಬಂದವರಿಗೆ ಟೆನ್ನೆಸ್ಸೀ ರೀಕನೆಕ್ಟ್ ಇಲ್ಲ. ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವುದು) ಇರುವವರಿಗೂ ಇಲ್ಲ, ಗ್ರೀನ್ ಕಾರ್ಡ್ ಆದರೂ ಬೇಕು. ರಾಜ್ಯಕ್ಕೆ ಬಂದು ಒಂದು ವರ್ಷ ಆಗಿರಬೇಕು. ಆದರೆ ನನ್ನ ಹಾಗೆ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಮದುವೆಯಾಗಿ, "ಆಮೇಲೆ ಎಕ್ಸಾಂ ಕಟ್ಟಿದರಾಯ್ತು ಬಿಡಮ್ಮ" ಅಂತ ಎಲ್ಲರೂ ಹೇಳಿ, ಆ ಆಮೇಲೆ ಅನ್ನೋದು ಬರಲೇ ಇಲ್ಲ ಅನ್ನುವವರು ಇದ್ದೀರಲ್ಲ, ಮುಂದೆ ಓದಿ.

ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಅಥವಾ ಸರ್ಟಿಫಿಕೇಟ್ ಓದುವ ದೊಡ್ಡವರಿಗೆ ರಾಜ್ಯ ಸರ್ಕಾರವೇ ಫೀಸು ಕಟ್ಟುವ ಯೋಜನೆ ಇದು. ಟಿಕ್ಯಾಟ್ ಅನ್ನುವ ಸರ್ಕಾರಿ ಕಾಲೇಜುಗಳೂ ಇವೆ. ನಮ್ಮ ಐಟಿಐ ಇದ್ದ ಹಾಗೆ, ವೆಲ್ಡಿಂಗು, ಎಲೆಕ್ಟ್ರಿಕಲ್ ಕೆಲಸ ಕಲಿಸುತ್ತಾರೆ. ಅಲ್ಲೂ ದೊಡ್ಡವರಿಗೆ ಫೀಸಿಲ್ಲ.

ಇದೇನು ದಾನಧರ್ಮ ಅಲ್ಲ. 2013ರಲ್ಲಿ ಆಗಿನ ಗವರ್ನರ್ ಬಿಲ್ ಹ್ಯಾಸ್ಲಮ್ ಲೆಕ್ಕ ಹಾಕಿದಾಗ ರಾಜ್ಯದ ದೊಡ್ಡವರಲ್ಲಿ ಕಾಲೇಜು ಮುಗಿಸಿದವರು ನೂರಕ್ಕೆ 32ರ ಆಸುಪಾಸು ಇದ್ದರು. 2025ಕ್ಕೆ ಅದು 55 ಆಗಬೇಕು, ಇಲ್ಲದಿದ್ದರೆ ಬರುವ ಕೆಲಸಗಳಿಗೆ ಜನ ಸಿಗಲ್ಲ ಅಂತ "ಡ್ರೈವ್ ಟು 55" ಶುರು ಮಾಡಿದರು. ಸ್ಮರ್ನಾದಲ್ಲಿ ನಿಸಾನ್, ಚಟನೂಗಾದಲ್ಲಿ ಫೋಕ್ಸ್‌ವ್ಯಾಗನ್, ನ್ಯಾಶ್‌ವಿಲ್ ತುಂಬಾ ಆಸ್ಪತ್ರೆಗಳು. ಹೈಸ್ಕೂಲು ಮುಗಿಸುವ ಮಕ್ಕಳ ಕಾಲೇಜು ಫೀಸಿಗೆ 2015ರಲ್ಲಿ ಟೆನ್ನೆಸ್ಸೀ ಪ್ರಾಮಿಸ್ ಅನ್ನುವ ಯೋಜನೆ ಬಂತು. ಬರೀ ಮಕ್ಕಳನ್ನು ಓದಿಸಿದರೆ 55 ಮುಟ್ಟಲ್ಲ ಅನ್ನೋದು ಸ್ಪಷ್ಟವಾಗಿತ್ತು. ಹಾಗಾಗಿ 2018ರಿಂದ ಕಮ್ಯುನಿಟಿ ಕಾಲೇಜುಗಳ ಬಾಗಿಲು ನಮ್ಮಂಥವರಿಗೂ ತೆರೆಯಿತು. ದುಡ್ಡು ಬರುವುದು ರಾಜ್ಯದ ಲಾಟರಿಯಿಂದ. (ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಲ್ಲಿಸಿದರು. ಇಲ್ಲಿ ಅದೇ ಲಾಟರಿ ನನ್ನ ಫೀಸು ಕಟ್ಟಿತು. ನಮ್ಮಪ್ಪನಿಗೆ ಈ ವಿಷಯ ಇನ್ನೂ ಹೇಳಿಲ್ಲ.)

ಈಗ ಎಲ್ಲರ ಪ್ರಶ್ನೆ: ನಿಜವಾಗಿ ಫ್ರೀನಾ? ಬೋಧನಾ ಶುಲ್ಕ ಮತ್ತು ಕಡ್ಡಾಯ ಶುಲ್ಕ ಮಾತ್ರ ಫ್ರೀ. ಸೆಮಿಸ್ಟರಿಗೆ ಪೂರ್ತಿ ವಿಷಯಗಳನ್ನು ತೆಗೆದುಕೊಂಡರೆ ವರ್ಷಕ್ಕೆ ಸಾವಿರಾರು ಡಾಲರ್ ಆಗುತ್ತದೆ, ಅದು ಉಳಿಯುತ್ತದೆ. ಆದರೆ ಕೊಡುವ ರೀತಿ ನೋಡಿ. ಮೊದಲು ಕಡಿಮೆ ಆದಾಯದವರಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಲೆಕ್ಕಕ್ಕೆ ತೆಗೆದುಕೊಂಡು, ಅದು ಸಾಲದೆ ಬಿದ್ದ ಬಾಕಿಯನ್ನಷ್ಟೇ ರೀಕನೆಕ್ಟ್ ತುಂಬುತ್ತದೆ. ಹಾಗಾಗಿ ತೀರಾ ಕಡಿಮೆ ಆದಾಯ ಇದ್ದು ಪೆಲ್‌ನಲ್ಲೇ ಫೀಸು ತೀರಿದವರಿಗೆ ರೀಕನೆಕ್ಟ್‌ನಿಂದ ಒಂದು ಡಾಲರೂ ಬರದೇ ಇರಬಹುದು. ಕೈಯಲ್ಲಿ ಸ್ವಲ್ಪ ಇರುವ ನಮ್ಮಂಥವರಿಗೇ ಇದರ ಲಾಭ ಜಾಸ್ತಿ. ಇದು ನನಗೆ ಸರಿ ಕಾಣಲಿಲ್ಲ.

ಪುಸ್ತಕ, ಪೆಟ್ರೋಲು, ಮಗುವನ್ನು ನೋಡಿಕೊಳ್ಳುವವರ ಖರ್ಚು ಎಲ್ಲ ನಿಮ್ಮದೇ. ಪುಸ್ತಕ ಅಂದರೆ ಹಳೇದು ತಗೊಂಡು ಸುಧಾರಿಸಬಹುದು ಅಂದುಕೊಳ್ಳಬೇಡಿ. ಹೋಂವರ್ಕ್ ಮಾಡಲು ಆನ್‌ಲೈನ್ ಕೋಡ್ ಕೊಳ್ಳಬೇಕು, ಅದು ಒಬ್ಬರು ಬಳಸಿದರೆ ಮುಗೀತು. ಸಂಜೆ ಕ್ಲಾಸಿಗೆ ಡೇಕೇರ್ ಹುಡುಕುವ ಪಾಡಂತೂ ಕೇಳಬೇಡಿ. ನನ್ನ ಜೊತೆ ಬಿಟ್ಟುಹೋದ ಹೆಂಗಸರಲ್ಲಿ ಒಬ್ಬರೂ ಫೀಸಿನ ಕಾರಣಕ್ಕೆ ಬಿಟ್ಟಿದ್ದನ್ನು ನಾನು ನೋಡಲಿಲ್ಲ.

ಹಾಗಿದ್ದರೂ ನಾನು ಮುಗಿಸಿದೆ. ಯಾಕೆ ಅಂತ ಯೋಚಿಸಿದರೆ ಫೀಸಿಗಿಂತ ಬೇರೆ ಎರಡು ವಿಷಯ ಕಾಣುತ್ತವೆ.

ಒಂದು, ಗಣಿತ. ಪಿಯುಸಿ ಕಾಮರ್ಸ್ ಓದಿ ಎಷ್ಟೋ ವರ್ಷ ಆಗಿತ್ತು, ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲಿ ಮಾರ್ಕ್ಸ್ ಸಾಲಲಿಲ್ಲ. ಹಿಂದಿನ ಕಾಲವಾಗಿದ್ದರೆ ಮೊದಲು ಡಿಗ್ರಿಯ ಲೆಕ್ಕಕ್ಕೆ ಬಾರದ ಕೆಳಗಿನ ಗಣಿತ, ಅದು ಪಾಸಾದ ಮೇಲೆ ಇನ್ನೊಂದು, ಆಮೇಲೆ ಕಾಲೇಜಿನ ಗಣಿತ. ಹೀಗೆ ಕಾದು ಕಾದು ಜನ ಅಲ್ಲೇ ಓದು ಬಿಡುತ್ತಿದ್ದರು. 2015ರಿಂದ ಇಲ್ಲಿನ ಎಲ್ಲ 13 ಕಮ್ಯುನಿಟಿ ಕಾಲೇಜುಗಳಲ್ಲೂ ನೇರವಾಗಿ ಕಾಲೇಜಿನ ಗಣಿತಕ್ಕೇ ಕೂರಿಸಿ, ಅದೇ ಸೆಮಿಸ್ಟರಿನಲ್ಲಿ ಪಕ್ಕಕ್ಕೆ ಒಂದು ಸಹಾಯದ ಕ್ಲಾಸ್ ಕೊಡುತ್ತಾರೆ. ಮೊದಲು ಇಂಥ ವಿದ್ಯಾರ್ಥಿಗಳಲ್ಲಿ ಒಂದು ವರ್ಷದೊಳಗೆ ಕಾಲೇಜಿನ ಗಣಿತ ದಾಟುತ್ತಿದ್ದವರು ನೂರಕ್ಕೆ 12ರಷ್ಟು, ಹೊಸ ಪದ್ಧತಿ ಬಂದ ಮೇಲೆ ಅರ್ಧದಷ್ಟು. ನಾನೂ ಆ ಅರ್ಧದಲ್ಲಿ ಒಬ್ಬಳು.

ಇನ್ನೊಂದು, ಫೋನು. ಕ್ಲಾಸ್ ತಪ್ಪಿಸಿದರೆ, ಮುಂದಿನ ಸೆಮಿಸ್ಟರಿಗೆ ಹೆಸರು ಹಚ್ಚದಿದ್ದರೆ ಕಾಲೇಜಿನಿಂದ ಫೋನ್ ಬರುತ್ತದೆ. ಮೊದಮೊದಲು ಎಷ್ಟು ಒಳ್ಳೆ ಜನ ಅಂದುಕೊಂಡೆ. ಒಳ್ಳೆಯವರೇ, ಆದರೆ ಅದರ ಹಿಂದೆ 2010ರ ಒಂದು ಕಾನೂನೂ ಇದೆ. ರಾಜ್ಯ ಕಾಲೇಜಿಗೆ ದುಡ್ಡು ಕೊಡುವುದು ಎಷ್ಟು ಜನ ಸೇರಿದರು ಅಂತ ನೋಡಿ ಅಲ್ಲ, ಎಷ್ಟು ಜನ ಮುಂದೆ ಸಾಗಿದರು, ಮುಗಿಸಿದರು ಅಂತ ನೋಡಿ. ದೊಡ್ಡ ವಯಸ್ಸಿನವರು ಮುಗಿಸಿದರೆ ಲೆಕ್ಕದಲ್ಲಿ ಇನ್ನೂ ಜಾಸ್ತಿ ತೂಕ. ನಮ್ಮೂರ ಕಾಲೇಜಿನಲ್ಲಿ ನಾನು ಬರುವುದು ನಿಂತಾಗ ಯಾರಾದರೂ ಒಂದು ಪತ್ರ ಹಾಕಿದ್ದರೆ? ಸುಮ್ನೆ ಹೇಳಿದೆ.

ಬೇಜಾರಿನ ವಿಷಯವೂ ಇದೆ. ಊರಿನ ಮಾರ್ಕ್ಸ್ ಕಾರ್ಡನ್ನು ಇಲ್ಲಿನ ಏಜೆನ್ಸಿಯಿಂದ ಮೌಲ್ಯಮಾಪನ ಮಾಡಿಸಿ ಕೊಟ್ಟರೂ, ಕಾಲೇಜಿನಲ್ಲಿ ಯಾವುದೋ ಮೇಜಿನ ಮೇಲೆ ಅದು ಒಂದು ಸೆಮಿಸ್ಟರ್ ಪೂರ್ತಿ ಮಲಗಿತ್ತು. ಅಷ್ಟರಲ್ಲಿ ಊರಲ್ಲೇ ಓದಿದ್ದ ಅಕೌಂಟ್ಸನ್ನು ಮತ್ತೊಮ್ಮೆ ಓದಿ ಮುಗಿಸಿದ್ದೆ. ಕಾಲೇಜಿನ ಹೆಸರು ಬೇಡ. ನರ್ಸಿಂಗ್ ಅಂತ ಆಸೆಪಟ್ಟು ಸೇರುವವರೂ ತಿಳಿದಿರಲಿ: ಫೀಸು ಫ್ರೀ ಆದ ಮಾತ್ರಕ್ಕೆ ಸೀಟು ಸಿಗಲ್ಲ, ಅದಕ್ಕೆ ಬೇರೆಯೇ ಪೈಪೋಟಿ. ಆಸ್ಪತ್ರೆಗಳಿಗೆ ನರ್ಸುಗಳು ಬೇಕು ಅಂತಲೇ ಇಷ್ಟೆಲ್ಲ ಮಾಡಿ ಸೀಟೇ ಕಡಿಮೆ ಇಟ್ಟರೆ ಹೇಗೆ, ಅಲ್ವಾ?

ಅರ್ಜಿ ಹಾಕುವ ಮುಂಚೆ ಒಂದು ಕೂಡುವ ಲೆಕ್ಕ ಮಾಡಿ. ಸೆಮಿಸ್ಟರಿಗೆ ಕನಿಷ್ಠ 6 ಕ್ರೆಡಿಟ್ ಸಾಕು, ಅಂದರೆ ಎರಡೇ ವಿಷಯ ಅಂತ ಸಲಹೆಗಾರರು ಖುಷಿಯಿಂದ ಹೇಳುತ್ತಾರೆ. ಡಿಗ್ರಿಗೆ ಬೇಕಾದ್ದು 60. ವರ್ಷಕ್ಕೆ ಎರಡು ಸೆಮಿಸ್ಟರ್, 12 ಕ್ರೆಡಿಟ್, ಒಟ್ಟು ಐದು ವರ್ಷ. ರೀಕನೆಕ್ಟ್ ಸಿಗುವುದೂ ಐದೇ ವರ್ಷ! ಒಂದು ವಿಷಯ ಫೇಲಾದರೆ ಜಾಗವೇ ಇಲ್ಲ. ನಡುವೆ ಸೆಮಿಸ್ಟರ್ ಬಿಡುವ ಹಾಗೂ ಇಲ್ಲ. ಬಾಣಂತನ, ಕಾಯಿಲೆ ಅಂತಿದ್ದರೆ ಮೊದಲೇ ರಜೆಗೆ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಬೇಕು. ಊರಿಗೆ ಹೋಗಿ ಮೂರು ತಿಂಗಳು ಇದ್ದು ಬರುತ್ತೇನೆ ಅಂದರೆ ನಡೆಯಲ್ಲ. ಆದ್ದರಿಂದ ಆಗಾಗ ಮೂರು ವಿಷಯ ತೆಗೆದುಕೊಳ್ಳಿ.

ಮುಂದೆ ನಾಲ್ಕು ವರ್ಷದ ಡಿಗ್ರಿ ಮಾಡುವ ಯೋಚನೆ ಇದ್ದರೆ "ಟ್ರಾನ್ಸ್‌ಫರ್ ಪಾಥ್‌ವೇ", ಅಂದರೆ ಕ್ರೆಡಿಟ್ ಸಮೇತ ಯೂನಿವರ್ಸಿಟಿಗೆ ಹೋಗುವ ದಾರಿ ಇರುವ ಕೋರ್ಸನ್ನೇ ಕೇಳಿ ಸೇರಿ. ಎ.ಎ.ಎಸ್. (ಅಸೋಸಿಯೇಟ್ ಆಫ್ ಅಪ್ಲೈಡ್ ಸೈನ್ಸ್) ಅಂತ ಇರುವುದು ನೇರ ಕೆಲಸಕ್ಕೆ ಒಳ್ಳೆಯದು, ಆದರೆ ಅದರ ಕ್ರೆಡಿಟ್ ಎಲ್ಲವೂ ಯೂನಿವರ್ಸಿಟಿಯಲ್ಲಿ ನಡೆಯುತ್ತದೆ ಅನ್ನುವ ಭರವಸೆ ಇಲ್ಲ. ನಾನು ಪಾಥ್‌ವೇ ಹಿಡಿದೆ. ಈಗ ಒಂದು ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲಿದ್ದೇನೆ, ಮುಂದಿನ ಓದಿಗೆ ದಾರಿ ತೆರೆದೇ ಇದೆ.

ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಡೇಕೇರಿಗೂ ಕೋಡಿಗೂ ಏನಾದರೂ ಕೊಟ್ಟಿದ್ದರೆ ನಾಲ್ಕೂವರೆ. ಸೇರುವವರು ಫಾಫ್ಸಾ ಅನ್ನುವ ಕೇಂದ್ರ ಸರ್ಕಾರದ ಶಿಕ್ಷಣ ನೆರವಿನ ಅರ್ಜಿಯನ್ನು ಪ್ರತಿ ವರ್ಷ ತುಂಬಲು ಮರೆಯಬೇಡಿ, ಆಮೇಲೆ ರೀಕನೆಕ್ಟ್ ಅರ್ಜಿ ಬೇರೆ. ಮತ್ತು ಊರಿನ ಯೂನಿವರ್ಸಿಟಿಯಿಂದ ಮೊಹರು ಹಾಕಿದ ಮಾರ್ಕ್ಸ್ ಕಾರ್ಡ್ ತರಿಸಲು ತಮ್ಮನಿಗೋ ಭಾವನಿಗೋ ಇವತ್ತೇ ಫೋನ್ ಮಾಡಿ. ಇಲ್ಲಿನ ಅರ್ಜಿಗಿಂತ ಅದಕ್ಕೇ ಜಾಸ್ತಿ ದಿನ ಹಿಡಿಯುತ್ತದೆ.