ಹೊಸ ಡೈರೆಕ್ಟರ್‌ಗಳ ಟ್ರೈನಿಂಗ್: ಮೊದಲ್ನೇ ದಿನ ಸೂಪರ್, ಎರಡನೇ ದಿನ ನಮ್ಮಂಥೋರಿಗಲ್ಲ

ಸಂಬಳದೋರು ಒಬ್ರೂ ಇಲ್ದೆ ಬರೀ ವಾಲಂಟಿಯರ್‌ಗಳೇ ನಡೆಸೋ ಸಂಸ್ಥೆಗೆ ಈ ಸಲ ನನ್ನನ್ನ ಡೈರೆಕ್ಟರ್ ಮಾಡಿದ್ರು, ಮಾಡಿದ್ರು ಅಂದ್ರೆ ಜನರಲ್ ಬಾಡಿ ಮೀಟಿಂಗಲ್ಲಿ ಬೇರೆ ಯಾರೂ ಕೈ ಎತ್ತಲಿಲ್ಲ ಅಷ್ಟೇ. ಹೆಸರಿಗೊಂದು ಹುದ್ದೆ, ತಿಂಗಳಿಗೊಂದು ಮೀಟಿಂಗ್ ಅಂದ್ಕೊಂಡು ಒಪ್ಕೊಂಡೆ. ಆಮೇಲೆ ಪೇಪರ್‌ಗಳಿಗೆ ಸೈನ್ ಹಾಕೋವಾಗ ಎದೆ ಡವಡವ ಅಂತು, ಅದಕ್ಕೇ ಈ ಎರಡು ದಿನದ ಟ್ರೈನಿಂಗ್ ಸೇರ್ಕೊಂಡೆ.

ಮೊದಲ್ನೇ ದಿನ ನಿಜವಾಗ್ಲೂ ಚೆನ್ನಾಗಿತ್ತು. ಭಾಷಣ ಗೀಷಣ ಏನಿಲ್ಲ, ಒಂದು ಬ್ಯಾಲೆನ್ಸ್ ಶೀಟ್, ಅಂದ್ರೆ ಆಸ್ತಿ-ಸಾಲದ ಲೆಕ್ಕದ ಪಟ್ಟಿ, ಮುಂದಿಟ್ಟು ಈ ಸಂಸ್ಥೆ ಹತ್ರ ದುಡ್ಡಿದ್ಯಾ ಅಂತ ಕೇಳಿದ್ರು. ಬ್ಯಾಂಕಲ್ಲಿ ದಂಡಿಯಾಗಿದೆಯಲ್ಲ ಸಾರ್ ಅಂದ್ವಿ ಎಲ್ರೂ. ನೋಡಿದ್ರೆ ಅದ್ರಲ್ಲಿ ಮುಕ್ಕಾಲು ಪಾಲು ಯಾರೋ ದಾನಿ ಕಟ್ಟಡಕ್ಕೆ ಮಾತ್ರ ಅಂತ ಕೊಟ್ಟಿದ್ದು, ಕರೆಂಟ್ ಬಿಲ್ಲಿಗೂ ಮುಟ್ಟೋ ಹಾಗಿಲ್ಲ, ಮುಂದಿನ ತಿಂಗಳ ಬಾಡಿಗೆಗೇ ಗತಿಯಿಲ್ಲ! ಲೆಕ್ಕ ನೋಡೋದು ಖಜಾಂಚಿ ಒಬ್ರ ತಲೆನೋವು ಅಂದ್ಕೊಂಡಿದ್ದೋನು ನಾನು, ಬೋರ್ಡಲ್ಲಿ, ಅಂದ್ರೆ ಡೈರೆಕ್ಟರ್‌ಗಳ ಮಂಡಳಿಯಲ್ಲಿ, ಕೂತೋರೆಲ್ಲರ ಜವಾಬ್ದಾರಿನೂ ಹೌದಂತೆ, ಮತ್ತೆ ಚೆಕ್ಕಿಗೆ ಸೈನ್ ಮಾಡೋರೇ ಬ್ಯಾಂಕ್ ಸ್ಟೇಟ್‌ಮೆಂಟನ್ನ ನಮ್ಮ ಲೆಕ್ಕದ ಜೊತೆ ಟ್ಯಾಲಿ ಮಾಡ್ಬಾರ್ದು, ಅದನ್ನ ಬೇರೆಯವರು ಮಾಡ್ಬೇಕು.

ಆಮೇಲೆ ಪ್ರಾಕ್ಟೀಸಿಗೆ ಅಂತ ಒಂದು ಸುಳ್ಳು ಮೀಟಿಂಗ್ ಮಾಡಿಸಿದ್ರು. ಪ್ರಿಂಟಿಂಗ್ ಕೆಲ್ಸಕ್ಕೆ ಕೊಟೇಶನ್ ಬಂದಿದೆ, ಅದ್ರಲ್ಲಿ ಒಂದು ನನ್ನ ಭಾವಮೈದುನನ ಪ್ರೆಸ್ಸಿಂದು. ನಾನು ಪ್ರಾಮಾಣಿಕವಾಗಿ ಹೇಳ್ಬಿಟ್ಟು ವೋಟ್ ಹಾಕಲ್ಲ ಅಂತ ಸುಮ್ನೆ ಕೂತೆ. ಟ್ರೈನರ್ ಮೇಡಂ ಅಲ್ಲೇ ನಿಲ್ಸಿ, ಎದ್ದು ಹೊರಗೆ ಹೋಗಿ ಸಾರ್, ನೀವು ಎದುರಿಗೆ ಕೂತಿದ್ರೆ ಆ ರೇಟು ಜಾಸ್ತಿ ಅಂತ ಯಾರು ಬಾಯಿ ಬಿಡ್ತಾರೆ ಅಂದ್ರು. ಹೋಗಿದ್ದೂ ವಾಪಸ್ ಬಂದಿದ್ದೂ ಮಿನಿಟ್ಸಲ್ಲಿ, ಅಂದ್ರೆ ಮೀಟಿಂಗ್ ನಡಾವಳಿಯಲ್ಲಿ, ಬರೀಬೇಕಂತೆ. ಮುಖ ಕೆಂಪಾಯ್ತು, ಆದ್ರೆ ಇನ್ನು ಮರೆಯಲ್ಲ.

ಎರಡನೇ ದಿನ ಮಾತ್ರ ಬೋರೋ ಬೋರು. ಸಿಇಓನ, ಅಂದ್ರೆ ಸಂಸ್ಥೆ ನಡೆಸೋ ಸಂಬಳದ ಮುಖ್ಯಸ್ಥರನ್ನ, ಹೇಗೆ ಆರಿಸ್ಬೇಕು, ಅವರ ಕೆಲ್ಸಕ್ಕೆ ಹೇಗೆ ಮಾರ್ಕ್ಸ್ ಕೊಡ್ಬೇಕು ಅಂತ ಅರ್ಧ ದಿನ. ನಮ್ಮಲ್ಲಿ ಸಿಇಓ ಎಲ್ಲಿ ಬಂದ, ಕಸ ಗುಡಿಸೋಕೂ ನಾವೇ! ಕಾರ್ಯಕ್ರಮದ ದಿನ ಕುರ್ಚಿ ಜೋಡಿಸ್ತಿರೋವಾಗ ನಾನು ಡೈರೆಕ್ಟರಾ ವಾಲಂಟಿಯರಾ ಅಂತ ಕೇಳಿದೆ. ವಾಲಂಟಿಯರೇ, ಅಲ್ಲಿ ಉಸ್ತುವಾರಿ ಯಾರದ್ದೋ ಅವರ ಮಾತು ಕೇಳ್ಬೇಕು, ಬೋರ್ಡ್ ಸೇರಿ ತೀರ್ಮಾನ ಮಾಡಿ ವಹಿಸದೇ ಇದ್ರೆ ಒಬ್ಬ ಡೈರೆಕ್ಟರಿಗೆ ಒಂಟಿಯಾಗಿ ಯಾವ ಅಧಿಕಾರನೂ ಇಲ್ಲ ಅಂದ್ರು. ಉತ್ತರ ಏನೋ ಸರಿನೇ, ಆದ್ರೆ ನಮ್ಮಲ್ಲಿ ಜಗಳ ಎಲ್ಲಾ ಹುಟ್ಟೋದೇ ಅಲ್ಲಿ, ಅದಕ್ಕೆ ಎರಡು ನಿಮಿಷ ಸಾಕಾ ಹೇಳಿ?

ಐದಕ್ಕೆ ಮೂರೂವರೆ ಕೊಡ್ತೀನಿ. ಸ್ಟಾಫ್ ಇರೋ ಸಂಸ್ಥೆಯವರಾದ್ರೆ ಎರಡೂ ದಿನ ಹೋಗಿ, ನಮ್ಮಂಥೋರು ಒಂದೇ ದಿನಕ್ಕೆ ಸೇರಿಸ್ಕೊಳ್ತಾರಾ ಕೇಳಿ ನೋಡಿ. ಹೋಮ್‌ವರ್ಕ್ ಅಂತ ನಿಮ್ಮ ಸಂಸ್ಥೆಯ ಬೈಲಾ, ಅಂದ್ರೆ ನಿಯಮಗಳ ಪುಸ್ತಕ, ಓದ್ಕೊಂಡು ಬನ್ನಿ ಅಂದಿದ್ರು, ಎರಡು ವಾರ ಆಯ್ತು, ಅಧ್ಯಕ್ಷರು ಸೆಕ್ರೆಟರಿ ಹತ್ರ ಇರ್ಬೇಕು ಅಂತಾರೆ, ಸೆಕ್ರೆಟರಿ ಹಳೇ ಸೆಕ್ರೆಟರಿನ ಕೇಳಿ ಅಂತಾರೆ, ಅವರು ಫೋನೇ ಎತ್ತುತ್ತಿಲ್ಲ.