ಗಂಟಲಿನ ಬಿಳಿ ಕಲೆ: ರಕ್ತದ ಮಾರ್ಕರ್ ಒಂದು ಕಡೆ, ಸ್ಕೋಪು ಇನ್ನೊಂದು ಕಡೆ

"ಟ್ಯೂಮರ್ ಮಾರ್ಕರ್ ಎಲ್ಲಾ ಮಾಡಿಸಿಬಿಟ್ಟಿದೀವಿ ಸಾರ್, ನಾರ್ಮಲ್ ಇದೆ. ಇನ್ನು ಸ್ಕೋಪು ಬೇಡ ಅಲ್ವಾ?"

ದನಿ ಗೊಗ್ಗರಾಗಿ ತಿಂಗಳುಗಟ್ಟಲೆ ಆದಮೇಲೆ ಬರುವವರ ಬಾಯಲ್ಲಿ ಈ ಮಾತು ಈಗ ಜಾಸ್ತಿ ಕೇಳುತ್ತಿದ್ದೇನೆ. ಟ್ಯೂಮರ್ ಮಾರ್ಕರ್ ಅಂದರೆ ಕ್ಯಾನ್ಸರ್ ಇದ್ದರೆ ರಕ್ತದಲ್ಲಿ ಏರಬಹುದಾದ ವಸ್ತುಗಳ ಪರೀಕ್ಷೆ. ಸ್ಕೋಪು ಅಂದರೆ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಧ್ವನಿ ತಂತುವನ್ನು ನೋಡುವುದು. ಇಎನ್‌ಟಿ ವೈದ್ಯನಾದ ನನಗೆ ಇದು ಸಣ್ಣ ವಿಷಯವಲ್ಲ. ತಂತುವಿನ ಮೇಲೆ ಏಳುವ ಬಿಳಿ ಕಲೆ ಮುಂದೆ ಕ್ಯಾನ್ಸರ್ ಆಗಬಹುದು, ಕೆಲವೊಮ್ಮೆ ಆಗಲೇ ಆಗಿರಬಹುದು. ಧ್ವನಿ ತಂತುವಿನ ಕ್ಯಾನ್ಸರ್ ತೀರಾ ಶುರುವಿನಲ್ಲಿ ಸಿಕ್ಕರೆ ಲೇಸರ್‌ನಲ್ಲೋ ರೇಡಿಯೇಷನ್‌ನಲ್ಲೋ ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ ಹತೋಟಿಗೆ ಬರುತ್ತದೆ. ಮಾತೂ ಉಳಿಯುತ್ತದೆ. ತಡವಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು. ಅದಕ್ಕೇ ಈ ರಕ್ತ ಪರೀಕ್ಷೆಗಳನ್ನು ನನ್ನ ರೋಗಿಗಳಲ್ಲಿ ಮಾಡಿಸಿ, ಸ್ಕೋಪು ಮತ್ತು ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು) ಹೇಳಿದ್ದರ ಪಕ್ಕದಲ್ಲಿಟ್ಟು ನೋಡುತ್ತಾ ಬಂದಿದ್ದೇನೆ.

ಮೊದಲು ಎಲ್ಲಕ್ಕಿಂತ ಅಗ್ಗದ್ದು, ಎನ್‌ಎಲ್‌ಆರ್. ಇದಕ್ಕೆ ಬೇರೆ ಪರೀಕ್ಷೆಯೇ ಬೇಡ. ರಕ್ತಕಣ ಎಣಿಸುವ ಮಾಮೂಲಿ ಸಿಬಿಸಿ ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್ ಎಷ್ಟಿದೆಯೋ ಅದನ್ನು ಲಿಂಫೋಸೈಟ್‌ನಿಂದ ಭಾಗಿಸಿದರೆ ಆಯಿತು. ಎರಡೂ ಬಿಳಿ ರಕ್ತಕಣದ ಜಾತಿಗಳು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 1ರಿಂದ 3ರ ಒಳಗೆ ಇರುತ್ತದೆ. ಗೆಡ್ಡೆ ಬೆಳೆದಂತೆ ಮೈಯಲ್ಲಿ ಉರಿಯೂತ ಜಾಸ್ತಿಯಾಗಿ ಈ ಸಂಖ್ಯೆ ಏರುತ್ತದೆ. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಇರುವವರ ಸರಾಸರಿ, ಸುಮ್ನೆ ಗಂಟೋ ಪಾಲಿಪ್ಪೋ ಇರುವವರ ಸರಾಸರಿಗಿಂತ ಮೇಲಿರುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಆದರೆ ನನ್ನ ಮುಂದೆ ಕೂತಿರುವುದು ಸರಾಸರಿ ಅಲ್ಲ, ಒಬ್ಬ ಮನುಷ್ಯ. ಶೀತ ಆಗಿದ್ದಾಗ 5 ಇದ್ದದ್ದು, ಶೀತ ಹೋದಮೇಲೆ ಅದೇ ವ್ಯಕ್ತಿಯಲ್ಲಿ 2ಕ್ಕೆ ಇಳಿದಿದ್ದನ್ನು ನೋಡಿದ್ದೇನೆ. ಇನ್ನೊಂದು ತೊಂದರೆಯೂ ಇದೆ. ದನಿ ಕೂತಿದೆ ಎಂದು ಹೋದವರಿಗೆ ಎಷ್ಟೋ ಕಡೆ ಮೊದಲು ಸಿಗುವುದೇ ಸ್ಟೆರಾಯ್ಡ್ ಮಾತ್ರೆ. ಸ್ಟೆರಾಯ್ಡ್ ನ್ಯೂಟ್ರೋಫಿಲ್ ಏರಿಸುತ್ತದೆ, ಲಿಂಫೋಸೈಟ್ ಇಳಿಸುತ್ತದೆ. ಹಾಗಾಗಿ ನನ್ನ ಹತ್ತಿರ ಬರುವಷ್ಟರಲ್ಲಿ ಆ ಸಂಖ್ಯೆ ಮಾತ್ರೆಯದೋ ರೋಗದ್ದೋ ಎಂದು ಹೇಳುವ ಹಾಗೇ ಇರುವುದಿಲ್ಲ.

ಎಸ್‌ಸಿಸಿ ಆಂಟಿಜನ್ ಹೆಸರು ಕೇಳಿದರೆ ಇದೇ ಸರಿಯಾದದ್ದು ಅನ್ನಿಸುತ್ತದೆ, ಯಾಕೆಂದರೆ ಎಸ್‌ಸಿಸಿ ಅಂದರೆ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಗಂಟಲಿನ ಕ್ಯಾನ್ಸರ್ ಬಹುಪಾಲು ಈ ಸ್ಕ್ವಾಮಸ್ ಜಾತಿಯದೇ. 1977ರಲ್ಲಿ ಇದು ಮೊದಲು ಸಿಕ್ಕಿದ್ದು ಗರ್ಭಕೊರಳಿನ ಕ್ಯಾನ್ಸರ್‌ನಲ್ಲಿ. ಸಾಮಾನ್ಯವಾಗಿ ಮಿಲಿಲೀಟರಿಗೆ 1.5 ನ್ಯಾನೋಗ್ರಾಂ ದಾಟಿದರೆ ಜಾಸ್ತಿ ಎಂದು ಲೆಕ್ಕ. ತೊಡಕು ಏನೆಂದರೆ, ಈ ಪ್ರೋಟೀನು ಆರೋಗ್ಯವಾಗಿರುವ ಚರ್ಮದಲ್ಲೂ ಇದೆ, ಎಂಜಲಿನಲ್ಲೂ ಇದೆ. ಸೋರಿಯಾಸಿಸ್ ಇದ್ದರೆ ಏರುತ್ತದೆ, ಕಿಡ್ನಿ ಸೋತಿದ್ದರೆ ಏರುತ್ತದೆ. ಸ್ಯಾಂಪಲ್ಲಿಗೆ ಎಂಜಲು ಸಿಡಿದರೂ ಏರಬಹುದು.

ಇಲ್ಲಿ ಇಬ್ಬರ ರಿಪೋರ್ಟು ಅಕ್ಕಪಕ್ಕ ಇಡುತ್ತೇನೆ. ಒಬ್ಬರು ಬಸ್ ಕಂಡಕ್ಟರ್, ಚಿಕ್ಕ ವಯಸ್ಸಿನಿಂದ ಬೀಡಿ. ಸ್ಟಾಪಿನ ಹೆಸರು ಕೂಗೋಕೆ ಆಗ್ತಿಲ್ಲ ಎಂದು ಬಂದರು. ಅವರ ಎಸ್‌ಸಿಸಿ 0.9, ಎನ್‌ಎಲ್‌ಆರ್ ಕೂಡ 2ರ ಒಳಗೆ. ಇನ್ನೊಬ್ಬರು ಶಾಲೆಯ ಟೀಚರಮ್ಮ, ತಂಬಾಕಿನ ಸೋಂಕೇ ಇಲ್ಲ. ಅವರ ಎಸ್‌ಸಿಸಿ 3 ದಾಟಿತ್ತು, ಮನೆಯವರೆಲ್ಲ ಊಟ ಬಿಟ್ಟು ಕೂತಿದ್ದರು. ಸ್ಕೋಪಿನಲ್ಲಿ ಟೀಚರಮ್ಮನಿಗೆ ಕಂಡದ್ದು ಕ್ಲಾಸಿನಲ್ಲಿ ಕೂಗಿ ಕೂಗಿ ಎದ್ದ ಎರಡು ಸಣ್ಣ ಗಂಟು. ಸೀರೆಯ ಸೆರಗು ಸರಿಸಿ ಮೊಣಕೈ ತೋರಿಸಿದಾಗ ಬೆಳ್ಳಗೆ ಹೊಟ್ಟು ಏಳುತ್ತಿದ್ದ ಸೋರಿಯಾಸಿಸ್ ಕಾಣಿಸಿತು. ಕಂಡಕ್ಟರ್ ಅವರ ಬಲಗಡೆಯ ತಂತುವಿನ ಮುಂಭಾಗದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಲೆ. ಬಯಾಪ್ಸಿ ಬಂದಾಗ ಅದು ಶುರುವಿನ ಕ್ಯಾನ್ಸರ್. ಅಷ್ಟು ಪುಟ್ಟ ಜಾಗದಿಂದ ರಕ್ತಕ್ಕೆ ಹೋಗಿ ಸೇರುವ ಪ್ರೋಟೀನು ಎಷ್ಟಿದ್ದೀತು? ಇನ್ನೂ ಕ್ಯಾನ್ಸರ್ ಆಗಿರದ ಕಲೆಯಂತೂ ಇದರಲ್ಲಿ ಸಿಗುವುದೇ ಕಷ್ಟ.

ಸೈಫ್ರಾ 21-1 ಮತ್ತು ಸಿಇಎ ಎಂಬ ಇನ್ನೆರಡು ಮಾರ್ಕರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೈಫ್ರಾ ಮುಖ್ಯವಾಗಿ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಬಳಸುವಂಥದ್ದು. ಸಿಇಎ ಧೂಮಪಾನ ಮಾಡುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. ಗಂಟಲಿನ ಕ್ಯಾನ್ಸರ್ ಬರುವುದೇ ಹೆಚ್ಚಾಗಿ ಅವರಿಗೆ, ಹಾಗಿದ್ದಮೇಲೆ ಇದರಿಂದ ಏನು ತಿಳಿಯುತ್ತದೆ? ಇವೆರಡನ್ನೂ ಬಿಳಿ ಕಲೆಗೆ ನಾನು ಬರೆಯುವುದು ಬಿಟ್ಟಿದ್ದೇನೆ.

ರಕ್ತ ಪರೀಕ್ಷೆ ನಿಜವಾಗಿ ಗೆದ್ದಿರುವ ಒಂದು ಜಾಗ ಇದೆ. ಮೂಗಿನ ಹಿಂಭಾಗದ ಗಂಟಲಿನ ಕ್ಯಾನ್ಸರ್, ನೇಸೋಫೆರಿಂಕ್ಸ್‌ದು. ಅದರ ಜೊತೆ ಎಪ್‌ಸ್ಟೀನ್ ಬಾರ್ ವೈರಸ್ ಇರುತ್ತದೆ, ಆ ವೈರಸ್ಸಿನ ಡಿಎನ್‌ಎ ರಕ್ತದಲ್ಲಿ ಸಿಗುತ್ತದೆ. ಹಾಂಗ್‌ಕಾಂಗ್‌ನಲ್ಲಿ ಏನೂ ತೊಂದರೆ ಇಲ್ಲದ 20,174 ಗಂಡಸರಿಗೆ ಈ ಪರೀಕ್ಷೆ ಮಾಡಿ 34 ಜನರಲ್ಲಿ ಕ್ಯಾನ್ಸರ್ ಹಿಡಿದರು, ಬಹುಪಾಲು ಶುರುವಿನ ಹಂತದಲ್ಲೇ. 2017ರಲ್ಲಿ ಇದು ಪ್ರಕಟವಾಯಿತು. ಆದರೆ ಗಮನಿಸಿ, ಅಲ್ಲೂ ರಕ್ತ ಹೇಳಿದ್ದು ಯಾರಿಗೆ ಸ್ಕೋಪು ಮತ್ತು ಎಂಆರ್‌ಐ ಮಾಡಬೇಕು ಎಂದಷ್ಟೇ. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಜಾಸ್ತಿ ಇರುವುದು ನಾಗಾಲ್ಯಾಂಡ್ ಕಡೆ. ಹಾಗೆಯೇ ಟಾನ್ಸಿಲ್ ಮತ್ತು ನಾಲಿಗೆ ಬುಡದಲ್ಲಿ ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುವ ಕ್ಯಾನ್ಸರ್‌ನಲ್ಲಿ, ಆ ವೈರಸ್ಸಿನ ಇ6 ಪ್ರೋಟೀನಿನ ವಿರುದ್ಧದ ಆಂಟಿಬಾಡಿ ರೋಗ ಬರುವ ಎಷ್ಟೋ ವರ್ಷ ಮೊದಲೇ ಕಾಣಿಸಿಕೊಳ್ಳಬಹುದು. ಬೀಡಿ ಹೊಗೆಯಿಂದ ತಂತುವಿನ ಮೇಲೆ ಎದ್ದ ಬಿಳಿ ಕಲೆಗೆ ಈ ಎರಡೂ ಉಪಯೋಗಕ್ಕೆ ಬರುವುದಿಲ್ಲ.

ಈಗ ಸ್ಕೋಪು. ಮೂಗಿಗೆ ಮರಗಟ್ಟುವ ಔಷಧ ಸಿಂಪಡಿಸಿ ತೆಳುವಾದ ಕ್ಯಾಮೆರಾ ಇಳಿಸುತ್ತೇವೆ. ಕೆಲವು ನಿಮಿಷದ ಕೆಲಸ. ಗಂಟಲು ಮರಗಟ್ಟಿರುವುದರಿಂದ ಆಮೇಲೆ ಸ್ವಲ್ಪ ಹೊತ್ತು ಏನೂ ತಿನ್ನಬಾರದು, ಅಷ್ಟೆ. "ಈ..." ಅನ್ನಿ ಎಂದಾಗ ಎರಡೂ ತಂತು ಬಂದು ಕೂಡಿಕೊಳ್ಳುತ್ತವೆ. ಯಾವುದು ಬಿಗಿಯಾಗಿದೆ, ಯಾವುದರ ಅಂಚು ಒರಟಾಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಸ್ಕೋಪಿನಲ್ಲಿ ಎನ್‌ಬಿಐ (ನ್ಯಾರೋ ಬ್ಯಾಂಡ್ ಇಮೇಜಿಂಗ್) ಬಟನ್ ಒತ್ತಿದರೆ ಬಿಳಿ ಬೆಳಕು ಹೋಗಿ ನೀಲಿ, ಹಸಿರು ಬೆಳಕು ಬರುತ್ತದೆ. ಅದನ್ನು ರಕ್ತ ಹೀರಿಕೊಳ್ಳುವುದರಿಂದ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ. ತಂತುವಿನ ಉದ್ದಕ್ಕೆ ನಾಳಗಳು ಮಲಗಿದ ಹಾಗಿದ್ದರೆ ಅಷ್ಟು ಭಯವಿಲ್ಲ. ಕಂಡಕ್ಟರ್ ಅವರಲ್ಲಿ ಕಲೆಯ ಸುತ್ತ ಕಂದು ಬಣ್ಣದ ಚುಕ್ಕೆಗಳು ಒತ್ತಾಗಿ ಕಂಡವು, ಅಂದರೆ ನಾಳಗಳು ನೆಟ್ಟಗೆ ಮೇಲಕ್ಕೆ ಎದ್ದಿದ್ದವು. ಅದನ್ನು ನೋಡಿಯೇ ಬಯಾಪ್ಸಿಗೆ ದಿನ ಗೊತ್ತು ಮಾಡಿದ್ದು.

ಎನ್‌ಬಿಐಗೂ ಮಿತಿ ಇದೆ. ಕಲೆ ದಪ್ಪಗಿದ್ದರೆ ಅಡಿಯ ನಾಳಗಳನ್ನು ಮುಚ್ಚಿಬಿಡುತ್ತದೆ. ಕೊನೆಯ ಮಾತು ಬಯಾಪ್ಸಿಯದೇ. ಅದಕ್ಕೆ ಅರಿವಳಿಕೆ ಕೊಟ್ಟು ಮೈಕ್ರೋಸ್ಕೋಪಿನ ಕೆಳಗೆ ಮಾಡಬೇಕು. ಸಣ್ಣ ಚೂರು ಮಾತ್ರ ತೆಗೆದರೆ ಕೆಟ್ಟ ಭಾಗ ಪಕ್ಕದಲ್ಲೇ ಉಳಿದುಹೋಗಬಹುದು, ಆಳಕ್ಕೆ ಹೋದರೆ ದನಿ ಕೆಡುತ್ತದೆ. ಹಾಗಾಗಿ ಸಾಧ್ಯವಿದ್ದಲ್ಲೆಲ್ಲ ಇಡೀ ಕಲೆಯನ್ನೇ ಬಿಡಿಸಿ ಪೆಥಾಲಜಿಗೆ ಕಳಿಸುವುದು ನನಗೆ ಇಷ್ಟ. ಡಿಸ್‌ಪ್ಲೇಸಿಯಾ, ಅಂದರೆ ಕ್ಯಾನ್ಸರ್‌ಗೆ ಮುಂಚಿನ ಕೋಶಗಳ ಬದಲಾವಣೆ, ಲೋ ಗ್ರೇಡೋ ಹೈ ಗ್ರೇಡೋ ಎಂಬುದನ್ನು ಇವತ್ತಿಗೂ ಹೇಳುವುದು ಆ ಗಾಜಿನ ಸ್ಲೈಡು. ಮುಂದಿನ ಚಿಕಿತ್ಸೆ ನಿರ್ಧಾರವಾಗುವುದು ಅದರ ಮೇಲೆ.

ಹಾಗಾದರೆ ರಕ್ತಕ್ಕೆ ಕೆಲಸವೇ ಇಲ್ಲವೇ? ಇದೆ. ಅರಿವಳಿಕೆಗೆ ಮುಂಚೆ ಸಿಬಿಸಿ, ಶುಗರ್, ಕ್ರಿಯಾಟಿನಿನ್ ಬೇಕೇ ಬೇಕು. ರೇಡಿಯೇಷನ್‌ಗೆ ಹೋಗುವವರ ಹಿಮೋಗ್ಲೋಬಿನ್ ನೋಡಬೇಕು. ದೊಡ್ಡ ಗೆಡ್ಡೆಯಿದ್ದು ಚಿಕಿತ್ಸೆಗೆ ಮೊದಲೇ ಎಸ್‌ಸಿಸಿ ಏರಿದ್ದರೆ, ಆಮೇಲೆ ಅದು ಇಳಿಯಿತೇ, ಮತ್ತೆ ಏರುತ್ತಿದೆಯೇ ಎಂದು ಗಮನಿಸಬಹುದು. ಬಿಳಿ ಕಲೆ ತೆಗೆಸಿಕೊಂಡವರಿಗೆ ಮಾತ್ರ ನಾನು ಕೆಲವು ತಿಂಗಳಿಗೊಮ್ಮೆ ಸ್ಕೋಪನ್ನೇ ಮಾಡುತ್ತೇನೆ, ಹಳೆಯ ಫೋಟೋ ಪಕ್ಕ ಹೊಸ ಫೋಟೋ ಇಟ್ಟು ಅವರಿಗೂ ತೋರಿಸುತ್ತೇನೆ.

ದನಿ ಮೂರು ವಾರಕ್ಕಿಂತ ಜಾಸ್ತಿ ಒಡೆದಿದ್ದರೆ, ಅದರಲ್ಲೂ ಬೀಡಿ ಸಿಗರೇಟು ಇದ್ದರೆ, ಮಾರ್ಕರ್‌ಗೆ ಕೊಡುವ ದುಡ್ಡನ್ನು ಸ್ಕೋಪಿಗೆ ಕೊಡಿ. ಸ್ಕೋಪು ಇಲ್ಲದ ಊರಲ್ಲಿದ್ದರೆ ಹತ್ತಿರದ ಇಎನ್‌ಟಿ ವೈದ್ಯರಿಗೆ ಗಂಟಲೊಳಗೆ ಸಣ್ಣ ಕನ್ನಡಿ ಹಿಡಿದು ನೋಡಿ ಎಂದು ಕೇಳಿ. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು ತಮ್ಮ ಧ್ವನಿ ತಂತುವನ್ನು ತಾವೇ ನೋಡಿಕೊಂಡಿದ್ದು ಅಂಥ ಸಣ್ಣ ಕನ್ನಡಿಯಲ್ಲೇ. ಹೆಚ್ಚಿನವರಲ್ಲಿ ಮೊದಲ ನೋಟಕ್ಕೆ ಅದು ಸಾಕು. ಸರಿಯಾಗಿ ಕಾಣದಿದ್ದರೆ ಅಥವಾ ಅನುಮಾನ ಬಂದರೆ ಮೆಡಿಕಲ್ ಕಾಲೇಜಿನ ಓಪಿಡಿಗೆ ಚೀಟಿ ಬರೆಸಿಕೊಂಡು ಹೋಗಿ.